ನಡುಮನೆಯಲ್ಲಿ ನಿಂತ ಕಂಬ

ಕಿರುಬೆರಳಿಗಿಂತ ಚಿಕ್ಕದಾದ ಒಂದು ಕೀಲಿ ಗೋಣಿಚೀಲದೊಳಗೆ ಇರಬೇಕಾಗಿತ್ತು, ಇರಲಿಲ್ಲ. ಗೋವಿಂದಯ್ಯನವರ ಭಾನುವಾರ ಹಾಳಾದದ್ದು ಅಲ್ಲಿಂದ. ಅವರು ಚೀಲವನ್ನು ಬೋರಲು ಮಾಡಿ ಮೂರು ಸಲ ಕೊಡವಿದರು. ಉಕ್ಕಿನ ಕೊಳವೆ ನಾಲ್ಕು ತುಂಡು, ದುಂಡನೆಯ ತಟ್ಟೆ ಎರಡು, ಒಂದು ಹಿಡಿ ತೆಂಗಿನ ನಾರು, ಸತ್ತು ಎಷ್ಟೋ ದಿನವಾಗಿದ್ದ ಒಂದು ಜಿರಲೆ ಬಿದ್ದವು. ಕೀಲಿ ಬೀಳಲಿಲ್ಲ.

ಆ ನಾಲ್ಕು ಕೊಳವೆಗಳನ್ನು ಒಂದಕ್ಕೊಂದು ಸಿಕ್ಕಿಸಿ, ನೆಲಕ್ಕೂ ಸೂರಿಗೂ ನಡುವೆ ಬಿಗಿದು ನಿಲ್ಲಿಸಿದರೆ ಅದೊಂದು ಡ್ಯಾನ್ಸ್ ಕಂಬ. ಹೆಂಗಸರು ಹಿಡಿದುಕೊಂಡು ಗಿರಗಿರನೆ ಸುತ್ತುತ್ತಾರಲ್ಲ, ಅದೇ. ಯಳಂದೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿರುವ, ನಲವತ್ತೇಳು ವರ್ಷದ, ಸಾಹೇಬರ ಮುಂದೆ ಸೀನು ಬಂದರೂ ನುಂಗಿಕೊಳ್ಳುವ ಗೋವಿಂದಯ್ಯನವರಿಗೆ ಇಂಥದ್ದು ಯಾಕೆ ಬೇಕಿತ್ತು ಎಂದು ಯಾರಾದರೂ ಕೇಳುವಂಥದ್ದೇ. ಯಾರಾದರೂ ಕೇಳಿಬಿಟ್ಟರೆ ಎಂಬುದೇ ಅವರ ಹೆದರಿಕೆಯೂ ಆಗಿತ್ತು.

ತಪ್ಪು ಬಸ್ಸಿನದು. ಎರಡು ವರ್ಷದಿಂದ ಅವರ ಬಲಭುಜ ಹಿಡಿದುಕೊಂಡಿತ್ತು. ಅಂಗಿಯ ತೋಳಿಗೆ ಕೈ ತೂರಿಸಬೇಕಾದರೆ ಹೆಂಡತಿ ಪದ್ಮಿನಿ ಬರಬೇಕು. ಹೀಗಿರುವಾಗ ಒಂದು ದಿನ ಮನೆಯಿರುವ ಕೊಳ್ಳೇಗಾಲದಿಂದ ಯಳಂದೂರಿಗೆ ಹೋಗುವ ಬಸ್ಸಿನಲ್ಲಿ ಬಾಗಿಲ ಪಕ್ಕದ ಕಂಬಿ ಹಿಡಿದು ನಿಂತಿದ್ದಾಗ ರಸ್ತೆಗೆ ಎಮ್ಮೆ ಅಡ್ಡ ಬಂತು. ಡ್ರೈವರ್ ಬ್ರೇಕ್ ಹಾಕಿದ. ಗೋವಿಂದಯ್ಯನವರು ಕಂಬಿಯ ಸುತ್ತ ಒಂದು ಪೂರಾ ಸುತ್ತು ಹೊಡೆದು ಕಂಡಕ್ಟರನ ಮೇಲೆ ಬಿದ್ದರು. ಕಂಡಕ್ಟರ್ ಅವರ ವಂಶವನ್ನೆಲ್ಲ ಜಾಲಾಡಿದ. ಅವರಿಗೆ ಒಂದೂ ಕೇಳಿಸಲಿಲ್ಲ. ಭುಜದೊಳಗೆ ಏನೋ ಲಟಕ್ ಎಂದು, ಎರಡು ವರ್ಷದಿಂದ ಏಳದ ಕೈ ತಲೆಯ ಮೇಲಕ್ಕೆ ಹೋಗಿತ್ತು. ಮೂರು ದಿನ ನೋವೇ ಇಲ್ಲ. ನಾಲ್ಕನೇ ದಿನ ಮತ್ತೆ ಹಿಡಿದುಕೊಂಡಿತು. ಇನ್ನೊಂದು ಸಲ ಹಾಗೇ ಬ್ರೇಕ್ ಹಾಕಪ್ಪ ಎಂದು ಡ್ರೈವರನ್ನು ಕೇಳುವ ಧೈರ್ಯ ಅವರಿಗೆಲ್ಲಿ?

ಹಾಗಾದರೆ ಕಂಬಿಯನ್ನೇ ಮನೆಗೆ ತಂದರೆ? ಕಚೇರಿಯ ಹಿಂದಿನ ಹುಣಸೆಮರದ ಕೆಳಗೆ ಕೂತು, ಸದ್ದು ಬರದ ಹಾಗೆ ಮಾಡಿಕೊಂಡು, ಅವರು ಮೊಬೈಲಿನಲ್ಲಿ ಇಂಥ ಕಂಬಗಳನ್ನೆಲ್ಲ ನೋಡಿದರು. ಕೊನೆಗೆ ಸಿಕ್ಕಿದ್ದು ಕೊಳ್ಳೇಗಾಲದಲ್ಲೇ, ಗುಜರಿ ಅಂಗಡಿಯ ನಿಂಗರಾಜು ಹತ್ತಿರ.

"ಮೈಸೂರ್ ಮಾಲು ಸಾ, ಯಾವ್ದೋ ಜಿಮ್ಮಿಂದು," ಎಂದು ನಿಂಗರಾಜು ಹೇಳಿದ್ದ. "ಒಂದ್ ವರ್ಷದಿಂದ ಬಿದ್ದದೆ. ಗೋಡೆ ಕೊರ್ಯಂಗಿಲ್ಲ, ಮೊಳೆ ಒಡ್ಯಂಗಿಲ್ಲ. ಬುಡದ ತಿರುಪು ತಿರುಗ್ಸುದ್ರೆ ಮ್ಯಾಕ್ ಓಗಿ ಸೂರ್ಗೆ ಕಚ್ಕತದೆ, ಅಷ್ಟೇಯ."

"ಇದೇನು, ಕಂಬಕ್ಕೆ ಕುಂಕುಮ ಇಟ್ಟಿದ್ದಾರೆ?"

"ಆಯುಧಪೂಜೇಲಿ ಇಟ್ಟಿರ್ತಾರೆ ಬುಡಿ ಸಾ. ಜಿಮ್ನೋರ್ಗೂ ದೇವ್ರು ಬ್ಯಾಡ್ವಾ?"

ಮೊಳೆ ಹೊಡೆಯಬೇಕಾಗಿಲ್ಲ ಎಂಬ ಮಾತಿಗೆ ಗೋವಿಂದಯ್ಯನವರು ಸೋತರು. ಅವರಿದ್ದದ್ದು ಬಾಡಿಗೆ ಮನೆ. ಮಾಲೀಕ ಪುಟ್ಟಮಾದಯ್ಯ ರೇಷ್ಮೆ ಇಲಾಖೆಯಲ್ಲಿದ್ದು ಎರಡು ವರ್ಷದ ಹಿಂದೆ ನಿವೃತ್ತರಾದವರು, ಮಹಡಿಯ ಮೇಲೇ ವಾಸ. ಮನೆ ಕಟ್ಟುವಾಗ ಮೋಲ್ಡಿಗೆ, ಅಂದರೆ ಸೂರಿನ ಕಾಂಕ್ರೀಟಿಗೆ, ಇಪ್ಪತ್ತೊಂದು ದಿನ ತಾವೇ ನಿಂತು ನೀರು ಕಟ್ಟಿದ್ದನ್ನು ಈಗಲೂ ಕಂಡವರಿಗೆಲ್ಲ ಹೇಳುತ್ತಾರೆ. ಗೋಡೆಗೆ ಕ್ಯಾಲೆಂಡರಿನ ಮೊಳೆ ಹೊಡೆದರೆ ತಮ್ಮ ಎದೆಗೇ ಹೊಡೆದಂತೆ ಆಡುತ್ತಾರೆ. ಅವರ ಹೆಂಡತಿ ಪುಟ್ಟಗೌರಮ್ಮ ಅವರಿಗಿಂತ ಒಂದು ತೂಕ ಹೆಚ್ಚು. ಅರವತ್ತೆರಡಾದರೂ ಬೆನ್ನು ಬಾಗದ ಹೆಂಗಸು. ಎರಡು ತುಂಬಿದ ಬಿಂದಿಗೆ ಒಟ್ಟಿಗೆ ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾರೆ. ಸೊಂಟದಲ್ಲಿ ಒಂದು ಕೀಲಿಗೊಂಚಲು. ಅದರ ಝಣಝಣ ಕೇಳಿದರೆ ಗೋವಿಂದಯ್ಯನವರು ಕೂತಲ್ಲೇ ನೆಟ್ಟಗಾಗುತ್ತಿದ್ದರು.

ಒಂಬತ್ತು ವರ್ಷದಲ್ಲಿ ಅವರಿಗೆ ಇದು ಐದನೇ ಮನೆ. ಒಂದು ಕಡೆ ನಲ್ಲಿ ತಿರುಗಿಸಿಟ್ಟು ಮರೆತು ಮಾಲೀಕರ ಅಕ್ಕಿ ಮೂಟೆ ನೆನೆಯಿಸಿದರು. ಇನ್ನೊಂದು ಕಡೆ ಸ್ಕೂಟರ್ ಕಲಿಯಲು ಹೋಗಿ ಮಾಲೀಕರ ಕಾಂಪೌಂಡ್ ಗೇಟನ್ನೇ ಕಿತ್ತರು. ಉಳಿದೆರಡರ ಮಾತು ಬೇಡ. ಪ್ರತಿ ಸಲವೂ ಪಾತ್ರೆ ಕಟ್ಟಿದ್ದು, ಬಿಚ್ಚಿದ್ದು, ಹೊಸ ಒಲೆಯ ಮುಂದೆ ಅತ್ತದ್ದು ಪದ್ಮಿನಿ. ಶುಕ್ರವಾರ ತಂಗಿಯ ಮಗುವಿನ ನಾಮಕರಣಕ್ಕೆಂದು ತವರೂರು ಶಾಗ್ಯಕ್ಕೆ ಹೊರಟಾಗ ಅವಳು ಬಾಗಿಲಲ್ಲಿ ನಿಂತು ಹೇಳಿದ್ದಳು.

"ಈ ಮನೆನೂ ಬುಡುಸ್ಕಂಡ್ರಿ ಅಂದ್ರೆ, ಲಾರಿ ಮ್ಯಾಲೆ ಸಾಮಾನ್ ಜೊತೆ ನೀವೊಬ್ರೇ ಓಗಿ. ನಾನು ಶಾಗ್ಯದಲ್ಲೇ ಇದ್ಬುಡ್ತೀನಿ."

ಅವಳು ನಗುತ್ತಾ ಹೇಳಿರಲಿಲ್ಲ. ಭಾನುವಾರ ಸಂಜೆ ಐದಕ್ಕೆ ವಾಪಸು ಬರುವವಳಿದ್ದಳು. ಅಷ್ಟರೊಳಗೆ ಕಂಬ ನಿಲ್ಲಿಸಿ, ಭುಜಕ್ಕೆ ಲಟಕ್ ಅನ್ನಿಸಿಕೊಂಡು, ಬಿಚ್ಚಿ, ಅಟ್ಟದ ಮೇಲೆ ಹಾಕಿಬಿಡುವುದು ಎಂದು ಗೋವಿಂದಯ್ಯನವರ ಲೆಕ್ಕಾಚಾರ.

ಬೆಳಿಗ್ಗೆ ಎಂಟಕ್ಕೆ ಬಾಗಿಲು ಹಾಕಿಕೊಂಡು ಕೆಲಸ ಶುರು ಮಾಡಿದರು. ಕೊಳವೆಗಳು ಒಂದಕ್ಕೊಂದು ಸರಿಯಾಗಿ ಕೂತವು. ಸೂರಿನ ತಟ್ಟೆಗೆ ಇರಬೇಕಾದ ರಬ್ಬರ್ ಇರಲಿಲ್ಲ. ಪದ್ಮಿನಿಯ ಹಳೆ ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿ ಅಂಟಿಸಿದರು. ಕಂಬ ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಬೀಗ ಕಟ್ಟಿ ಇಳಿಬಿಟ್ಟರು. ಎಲ್ಲ ಸರಿಯಿತ್ತು. ಕಂಬ ಹಿಡಿದು ದೇವರನ್ನು ನೆನೆದು ಕಾಲೆತ್ತಿದರು. ಕಂಬ ಅವರನ್ನೂ ಸೇರಿಸಿಕೊಂಡು ಎರಡು ಸುತ್ತು ತಿರುಗಿ ಟಿವಿಯ ಮುಂದಕ್ಕೆ ಎಸೆಯಿತು.

ಕೀಲಿ ಬೇಕಾಗಿದ್ದದ್ದು ಇಲ್ಲಿ. ಕಂಬದ ಮೇಲ್ಭಾಗದಲ್ಲಿ ಆರು ಮೂಲೆಯ ಒಂದು ಪುಟ್ಟ ತೂತು. ಅಲೆನ್ ಕೀ ಅನ್ನುವ ಸೊಟ್ಟ ಕೀಲಿಯನ್ನು ಅದಕ್ಕೆ ಹಾಕಿ ತಿರುಗಿಸಿದರೆ ಕಂಬ ಅಲ್ಲಾಡದೆ ನಿಲ್ಲುತ್ತದೆ. ತಿರುಗಿಸದಿದ್ದರೆ ಗಿರಗಿರ. ಗೋವಿಂದಯ್ಯನವರು ಆ ತೂತಿಗೆ ಹೇರ್‌ಪಿನ್ ಹಾಕಿದರು, ಸ್ಕ್ರೂಡ್ರೈವರ್ ಹಾಕಿದರು, ಕಡೆಗೆ ಊದಿನಕಡ್ಡಿ ಕೂಡ ಹಾಕಿದರು. ಯಾವುದಕ್ಕೂ ಅದು ಜಗ್ಗಲಿಲ್ಲ. ಬುಡವನ್ನಾದರೂ ಬಿಗಿ ಮಾಡೋಣ ಎಂದು ಒಂದು ಸುತ್ತು ತಿರುಗಿಸಿದರು. ಇನ್ನೊಂದು ಸುತ್ತು. ಸಾಲದೇನೋ ಎಂದು ಪೈಪ್ ಬಿಗಿಯುವ ಸ್ಪ್ಯಾನರ್ ಹಾಕಿ ಇನ್ನೊಂದು ಅರ್ಧ.

ಮೇಲಿನಿಂದ 'ಟಕ್' ಎಂದಿತು.

ಹಿಂದೆಯೇ ಪುಟ್ಟಮಾದಯ್ಯನವರ ದನಿ ಮಹಡಿಯಿಂದ ಕೇಳಿಸಿತು. "ಏ ಇವಳೇ, ಬಾರೇ ಇಲ್ಲಿ. ಟೈಲ್ಸ್ ಮ್ಯಾಕೆದ್ದು ಒಡ್ದೋಯ್ತು ಕಣೇ. ಕೆಳಗಿಂದ ಯಾರೋ ತಳ್ದಂಗಾಯ್ತಲ್ಲ."

ಗೋವಿಂದಯ್ಯನವರು ತಲೆಯೆತ್ತಿದರು. ಕಂಬದ ನೇರಕ್ಕೆ ಮೇಲಿರುವುದು ಮಾಲೀಕರ ಹಳೆ ಸಾಮಾನಿನ ಕೋಣೆ. ಇಪ್ಪತ್ತೊಂದು ದಿನ ನೀರು ಕುಡಿದ ಮೋಲ್ಡನ್ನು ತಾವು ಕೆಳಗಿನಿಂದ ಎತ್ತಿಬಿಟ್ಟಿದ್ದೇವೆ ಎಂದು ಅವರಿಗೆ ಖಾತ್ರಿಯಾಯಿತು. ಓಡಿ ಹೋಗಿ ತಿರುಪನ್ನು ಹಿಂದಕ್ಕೆ ತಿರುಗಿಸಲು ನೋಡಿದರು. ಬರಲಿಲ್ಲ. ಕಾಲು ಕೊಟ್ಟು ಎಳೆದರು. ಸ್ಪ್ಯಾನರ್ ಜಾರಿ ಮೊಣಕಾಲಿಗೆ ಬಡಿಯಿತು. ಕಂಬ ಕಚ್ಚಿದ ಹಲ್ಲು ಬಿಡಲಿಲ್ಲ.

ಇಷ್ಟರಲ್ಲಿ ಕಿಟಕಿಯಲ್ಲಿ ಒಂದು ಮುಖ ಕಂಡಿತು. ಪಕ್ಕದ ಮನೆಯ ಕೆಂಪನಂಜಪ್ಪ. ಜೀವನದಲ್ಲಿ ಮೂರು ಮನೆ ಕಟ್ಟಿಸಿ, ನಾಲ್ಕನೆಯದು ಕಟ್ಟಿಸಲು ಆಗದೆ, ಆ ಚಪಲವನ್ನು ಬೀದಿಯವರ ಮನೆಗಳ ಮೇಲೆ ತೀರಿಸಿಕೊಳ್ಳುವ ಮನುಷ್ಯ. ಗೋವಿಂದಯ್ಯನವರು ಒಂದೇ ನೆಗೆತಕ್ಕೆ ಟವೆಲ್ ತೆಗೆದು ಕಂಬದ ಎದೆಮಟ್ಟಕ್ಕೆ ಸುತ್ತಿದರು. ಅಲ್ಲೊಂದು ಅಂಗೈ ಅಗಲದ ಸ್ಟಿಕ್ಕರ್ ಇತ್ತು. ಅದರಲ್ಲಿ ಒಬ್ಬ ಹೆಂಗಸು ಕಾಲಿನಿಂದ ಕಂಬ ಹಿಡಿದು ತಲೆಕೆಳಗಾಗಿ ನಗುತ್ತಿದ್ದಳು. ಎಷ್ಟು ಕೆರೆದರೂ ಕಿತ್ತು ಬಂದಿರಲಿಲ್ಲ.

"ಏನ್ ಸಾ, ಜಾಕ್ ಕೊಟ್ಟಿದ್ದೀರಿ?" ಎಂದ ಕೆಂಪನಂಜಪ್ಪ.

ಸೆಂಟ್ರಿಂಗಿನವರು ಹಸಿ ಮೋಲ್ಡು ಕುಸಿಯದಂತೆ ಕೆಳಗಿನಿಂದ ಆನಿಸಿ ನಿಲ್ಲಿಸುವ ಕಬ್ಬಿಣದ ಕಂಬಕ್ಕೆ ಆ ಕಡೆ ಜಾಕು ಅನ್ನುತ್ತಾರೆ. ನೆಲಕ್ಕೂ ಸೂರಿಗೂ ನಡುವೆ ಬಿಗಿದು ನಿಂತ ಕಂಬವನ್ನು ಕಂಡರೆ ಕೊಳ್ಳೇಗಾಲದಲ್ಲಿ ಯಾರಿಗೇ ಆಗಲಿ ಬೇರೇನು ತಾನೇ ತೋಚೀತು? ಮುಳುಗುತ್ತಿದ್ದ ಗೋವಿಂದಯ್ಯನವರು ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಹೂಂ. ಜಾಕು."

"ಮೋಲ್ಡ್ ಬಿರುಕು ಬುಟ್ಟದಾ?"

"ಸ್ವಲ್ಪ. ಸುಮ್ಮನೆ ಒಂದು ಭದ್ರತೆಗೆ ಅಂತ..."

"ಸುಮ್ನೆ ಯಾರಾದ್ರೂ ಜಾಕ್ ಕೊಡ್ತಾರಾ ಸಾ? ಓನರ್‌ಗೆ ಏಳಿದ್ದೀರಾ?"

ಅವರು ಬಾಗಿಲು ತೆಗೆದು ತಡೆಯುವುದರೊಳಗೆ ಕೆಂಪನಂಜಪ್ಪ ಮೆಟ್ಟಿಲ ಹತ್ತಿರ ನಿಂತು ಕೂಗುತ್ತಿದ್ದ. "ಮಾದಯ್ನೋರೆ, ಇಳೀರಿ ಕೆಳಕೆ. ಮೋಲ್ಡು ಕುಸೀತಾ ಅದೆ. ನಿಮ್ ಬಾಡಿಗೆಯೋರು ಜಾಕ್ ಕೊಟ್ಟು ತಡ್ಕಂಡು ನಿಂತವ್ರೆ."

ಪುಟ್ಟಮಾದಯ್ಯ ಬನಿಯನ್ನಿನಲ್ಲೇ ಇಳಿದು ಬಂದರು. ಹಿಂದೆ ಝಣಝಣ ಎನ್ನುತ್ತಾ ಪುಟ್ಟಗೌರಮ್ಮ. ಪುಟ್ಟಮಾದಯ್ಯ ಕಂಬ ನೋಡಿದರು, ಸೂರು ನೋಡಿದರು, ಎದೆ ಹಿಡಿದುಕೊಂಡು ಕುರ್ಚಿಯ ಮೇಲೆ ಕುಸಿದರು.

"ಅದ್ಕೇ ಟೈಲ್ಸ್ ಎದ್ದದ್ದು. ಇಪ್ಪತ್ತೊಂದ್ ದಿನ ನೀರ್ ಕಟ್ಟಿದ್ದೆ ಗೋವಿಂದಯ್ನೋರೆ. ಸಿಮೆಂಟಲ್ಲಿ ಒಂದ್ ಮೂಟೆನೂ ಕಮ್ಮಿ ಮಾಡಿರ್ಲಿಲ್ಲ," ಎಂದರು. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು. "ಈ ಜಾಕ್ ಎಲ್ಲಿಂದ ತಂದ್ರಿ?"

"ನಿಂಗರಾಜು ಗುಜರಿ ಅಂಗಡಿಯಿಂದ," ಎಂಬ ನಿಜ ಗೋವಿಂದಯ್ಯನವರ ಬಾಯಿಂದ ತಾನಾಗಿ ಬಿತ್ತು.

ಪುಟ್ಟಗೌರಮ್ಮ ಅಲ್ಲಿಯವರೆಗೆ ಕಂಬವನ್ನೇ ದಿಟ್ಟಿಸುತ್ತಾ ನಿಂತಿದ್ದರು. ಅವರ ಮುಖದ ಬಣ್ಣ ಇಳಿದದ್ದನ್ನು ಗೋವಿಂದಯ್ಯನವರು ಕಂಡರು. ಮುಗಿಯಿತು, ಕಂಡುಹಿಡಿದುಬಿಟ್ಟರು, ಸಂಜೆಗೆ ಲಾರಿ, ಶಾಗ್ಯದಲ್ಲಿ ಪದ್ಮಿನಿ ಎಂದು ಅವರ ತಲೆಯೊಳಗೆ ಸರಸರ ಓಡಿತು.

"ಎಲ್ಲಿಂದಾದ್ರೂ ತರ್ಲಿ ಬುಡಿ," ಎಂದರು ಪುಟ್ಟಗೌರಮ್ಮ. "ಜಾಕ್ ಅಂದ್ರೆ ಜಾಕು. ನಾನ್ ನೋಡಿಲ್ವಾ. ಪಾಪ, ಮನೆ ಉಳಿಸವ್ರೆ."

ಗೋವಿಂದಯ್ಯನವರಿಗೆ ಕಿವಿ ನಂಬಲಾಗಲಿಲ್ಲ. ಆದರೆ ಸಮಾಧಾನ ಪಡಲು ಪುರಸೊತ್ತಾಗಲಿಲ್ಲ, ಕೆಂಪನಂಜಪ್ಪ ಆಗಲೇ ಸೆಂಟ್ರಿಂಗ್ ಮೇಸ್ತ್ರಿ ಸ್ವಾಮಿಗೆ ಫೋನು ಮಾಡಿದ್ದ. ಮೇಸ್ತ್ರಿ ಹನೂರಿನ ಕಡೆ ಒಂದು ಕೆಲಸದಲ್ಲಿದ್ದವನು ಹನ್ನೆರಡರ ಹೊತ್ತಿಗೆ ಬೈಕಿನಲ್ಲಿ ಬಂದಿಳಿದ. ಅಷ್ಟರಲ್ಲಿ ಅರ್ಧ ಬೀದಿ ಅಂಗಳದಲ್ಲಿ ಸೇರಿತ್ತು. ಒಬ್ಬರಿಗೂ ಮನೆಯೊಳಗೆ ಬರುವ ಧೈರ್ಯವಿಲ್ಲ, ಒಬ್ಬರಿಗೂ ಬಿಟ್ಟು ಹೋಗುವ ಮನಸ್ಸಿಲ್ಲ.

ಸ್ವಾಮಿ ಕಂಬವನ್ನು ಸುತ್ತು ಹಾಕಿ ನೋಡಿದ. ಉಗುರಿನಿಂದ ಟಣ್ ಅನ್ನಿಸಿದ.

"ಇಪ್ಪತ್ ವರ್ಷದಿಂದ ಸೆಂಟ್ರಿಂಗ್ ಮಾಡ್ತಾ ಇವ್ನಿ. ಇಂಗೆ ಫಳಫಳ ಒಳೆಯೋ ಜಾಕ್ ನಾ ಕಾಣ್ನಿಲ್ಲ," ಎಂದು ಒಂದು ಕೈಯಿಂದ ಹಿಡಿದ. ಕಂಬ ಗಿರ್ರನೆ ಅರ್ಧ ಸುತ್ತು ತಿರುಗಿತು. ಸ್ವಾಮಿ ಕಾದ ಬಾಣಲೆ ಮುಟ್ಟಿದಂತೆ ಕೈ ತೆಗೆದ. "ಏನ್ ಸಾ ಇದು? ತಿರುಗ್ತದೆ? ಜಾಕು ತಿರುಗುದ್ರೆ ಮೋಲ್ಡ್ ನಿಂತದಾ?"

ಎಲ್ಲರೂ ಗೋವಿಂದಯ್ಯನವರ ಕಡೆ ನೋಡಿದರು. ಅವರು ಕಂಬಕ್ಕೆ ಸುತ್ತಿದ್ದ ಟವೆಲನ್ನು ಸರಿಮಾಡಿದರು.

"ಭೂಕಂಪಕ್ಕೆ," ಎಂದರು ಪುಟ್ಟಗೌರಮ್ಮ.

"ಏನಮ್ಮ?"

"ಭೂಮಿ ಅಲ್ಲಾಡುದ್ರೆ ಕಂಬ ಮುರೀಬಾರ್ದು ಅಂತ ತಿರುಗಂಗೆ ಮಾಡಿರ್ತಾರೆ. ಟೀವಿಲಿ ತೋರುಸ್ತಿದ್ರು. ನೀನ್ ನೋಡಿಲ್ವಾ?"

ಇಪ್ಪತ್ತು ವರ್ಷದ ಅನುಭವಸ್ಥ ತನಗೆ ಗೊತ್ತಿಲ್ಲ ಎಂದು ಬೀದಿಯವರ ಮುಂದೆ ಒಪ್ಪಿಕೊಳ್ಳಲು ಆದೀತೇ? "ಓ, ಅದಾ," ಎಂದ ಸ್ವಾಮಿ. "ಅದು ಬಂದದೆ, ಬಂದದೆ. ಬೆಂಗ್ಳೂರ್ ಕಡೆ ಆಕ್ತಾವ್ರೆ."

ಪುಟ್ಟಗೌರಮ್ಮ ಏನೋ ತರುವುದಿದೆ ಎಂದು ಮಹಡಿಗೆ ಹೋದರು. ಸ್ವಾಮಿ ಸ್ಟೂಲು ಹತ್ತಿ ಸುತ್ತಿಗೆಯ ಹಿಡಿಯಿಂದ ಸೂರನ್ನು ಕುಟ್ಟಿ ನೋಡತೊಡಗಿದ. ನಾಲ್ಕು ಕಡೆ ಕುಟ್ಟಿದ. ಐದನೇ ಕಡೆ ಕುಟ್ಟಿದಾಗ ತಟ್ಟೆಯಗಲ ಗಾರೆ ಕಿತ್ತುಕೊಂಡು ನೆಲಕ್ಕೆ ಬಿತ್ತು. ಸುತ್ತಿಗೆಯಿಂದ ಕುಟ್ಟಿದರೆ ಯಾವ ಗಾರೆಯಾದರೂ ಬೀಳುತ್ತದೆ. ಆದರೆ ಆಗ ಅಲ್ಲಿ ಅಷ್ಟು ಯೋಚನೆ ಮಾಡುವವರು ಯಾರೂ ಇರಲಿಲ್ಲ. ಅಂಗಳದ ಜನ ಹೋ ಎಂದು ಗೇಟಿನವರೆಗೆ ಓಡಿದರು. ಪುಟ್ಟಮಾದಯ್ಯ ಕುರ್ಚಿಸಹಿತ ಹಿಂದಕ್ಕೆ ಉರುಳಿದರು. ಗೋವಿಂದಯ್ಯನವರು ಸೂರು ಬಿತ್ತೆಂದು ಕಣ್ಣು ಮುಚ್ಚಿ, ಹತ್ತಿರವಿದ್ದ ಕಂಬವನ್ನೇ ತಬ್ಬಿಕೊಂಡರು. ಅದು ಅವರನ್ನು ಮೆಲ್ಲಗೆ ಕಾಲು ಸುತ್ತು ತಿರುಗಿಸಿ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿತು.

"ಭಾರ ಇಳಿಸ್ರಿ ಮೊದ್ಲು," ಎಂದು ಸ್ವಾಮಿ ಕೂಗಿದ. "ಸಾಮಾನೆಲ್ಲ ಆಚೆಗಾಕಿ."

ಕೆಳಗಿರುವ ಸಾಮಾನು ಸೂರಿಗೆ ಹೇಗೆ ಭಾರವಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಗೇಟಿಗೆ ಓಡಿದ್ದವರೇ ಉಪಕಾರ ಮಾಡಲು ಒಳಗೆ ನುಗ್ಗಿದರು. ಮಂಚ, ಬೀರು, ಟಿವಿ, ಗ್ಯಾಸ್ ಒಲೆ, ಪದ್ಮಿನಿಯ ಮಸಾಲೆ ಡಬ್ಬಿಗಳು, ಒಣಗಲು ಹಾಕಿದ್ದ ಒಳ ಅಂಗಿಗಳು ಎಲ್ಲವೂ ಸಾಲಾಗಿ ಬೀದಿಗೆ ಹೋದವು. ಗೋವಿಂದಯ್ಯನವರು ಒಂದೊಂದನ್ನೂ ನೋಡುತ್ತಾ ನಿಂತರು. ನಾಲ್ಕು ಸಲ ಮನೆ ಬದಲಿಸಿದಾಗಲೂ ಸಾಮಾನು ಹೀಗೆಯೇ ಹೊರಗೆ ಬಂದಿತ್ತು. ಗಂಟೆ ಮೂರಾಗಿತ್ತು, ಪದ್ಮಿನಿಯ ಬಸ್ಸು ಆಗಲೇ ಹೊರಟಿರಬೇಕು.

ಮನೆ ಖಾಲಿಯಾದ ಮೇಲೆ ಕಂಬವೊಂದೇ ಉಳಿಯಿತು. ಕೆಂಪನಂಜಪ್ಪ ಅದರ ಸುತ್ತ ಮೂಗು ತೂರಿಸುತ್ತಾ ಬಂದು ಟವೆಲ್ ಮೇಲೆ ಕೈಯಿಟ್ಟ.

"ಇದ್ಯಾಕ್ ಸಾ ಇಲ್ಲಿ ಬಟ್ಟೆ ಸುತ್ತಿದ್ದೀರಿ?"

"ಬೇಡಿ, ಅದು..." ಎನ್ನುವುದರೊಳಗೆ ಟವೆಲ್ ಅವನ ಕೈಗೆ ಬಂದಿತ್ತು. ತಲೆಕೆಳಗಾದ ಹೆಂಗಸು ನಗುತ್ತಾ ಹೊರಬಂದಳು. ಕೆಂಪನಂಜಪ್ಪ ಕನ್ನಡಕವನ್ನು ಜೇಬಿನಿಂದ ತೆಗೆದು, ಪಂಚೆಯ ಚುಂಗಿನಿಂದ ಒರೆಸಿ, ಮೂಗಿಗೇರಿಸುವಷ್ಟರಲ್ಲಿ ಝಣಝಣ ಸದ್ದಾಯಿತು. ಪುಟ್ಟಗೌರಮ್ಮ ಎಡಗೈಯಲ್ಲಿ ಬಟ್ಟಲು ಹಿಡಿದು ಬಂದವರೇ, ಕಲಸಿದ ಅರಿಶಿನವನ್ನು ಒಂದು ಹಿಡಿ ತೆಗೆದು ಸ್ಟಿಕ್ಕರಿನ ಮೇಲೆ ಪಟ್ಟನೆ ಮೆತ್ತಿದರು. ಅದರ ನಡುವೆ ರೂಪಾಯಿಯಗಲ ಕುಂಕುಮ ಇಟ್ಟರು.

"ಮನೆ ಕಾದ ಕಂಬ ಇದು. ಒಂದ್ ಪೂಜೆ ಮಾಡ್ಬ್ಯಾಡ್ವಾ?" ಎಂದರು. "ಕೈ ಮುಗೀರಿ ಎಲ್ರೂವೆ."

ಪುಟ್ಟಮಾದಯ್ಯ ಎದ್ದು ನಿಂತು ಕೈ ಮುಗಿದರು. ಸ್ವಾಮಿ ಚಪ್ಪಲಿ ಬಿಟ್ಟು ಮುಗಿದ. ಕೆಂಪನಂಜಪ್ಪ ಕನ್ನಡಕ ತೆಗೆದು, ಕಂಬ ಮುಟ್ಟಿ ಕಣ್ಣಿಗೊತ್ತಿಕೊಂಡ. ಬಾಗಿಲಲ್ಲಿ ನಿಂತ ಹೆಂಗಸರೂ ಮುಗಿದರು. ಎಲ್ಲರಿಗಿಂತ ಭಕ್ತಿಯಿಂದ ಮುಗಿದವರು ಗೋವಿಂದಯ್ಯನವರು.

ಸ್ವಾಮಿ ತೀರ್ಪು ಕೊಟ್ಟ. "ನಾನ್ ಏಳೋದಿಷ್ಟೆ. ಈ ಜಾಕ್ ಇರೋಗಂಟ ಮೋಲ್ಡ್ ಬೀಳಲ್ಲ. ತಗುದ್ರೆ ನಾನ್ ಜವಾಬ್ದಾರಿ ಅಲ್ಲ. ಯಾರೂ ಮುಟ್ಬ್ಯಾಡಿ."

ಪುಟ್ಟಮಾದಯ್ಯ ಗೋವಿಂದಯ್ಯನವರ ಎರಡೂ ಕೈ ಹಿಡಿದುಕೊಂಡರು. "ಸ್ವಂತ ಮಕ್ಕಳೂ ಇಂಗ್ ಮಾಡಲ್ಲ. ಇನ್ನು ನೀವಾಗಿ ಓಗ್ತೀನಿ ಅಂದ್ರೂ ನಾ ಬುಡಾಕಿಲ್ಲ. ಇದು ನಿಮ್ಮನೆ," ಎಂದು ಮೇಸ್ತ್ರಿಯನ್ನು ಕಳಿಸಿಬರಲು ಹೊರಗೆ ಹೋದರು. ಜನವೂ ಅವರ ಹಿಂದೆ ಹೋಯಿತು.

ಮನೆ ಉಳಿಯಿತು. ಗೋವಿಂದಯ್ಯನವರು ಬೆಳಿಗ್ಗೆಯಿಂದ ಮೊದಲ ಸಲ ಪೂರ್ತಿ ಉಸಿರೆಳೆದರು. ಬಿಡುವುದರೊಳಗೆ ಹಿಂದೆ ಬಾಗಿಲು ಹಾಕಿದ ಸದ್ದಾಯಿತು. ಪುಟ್ಟಗೌರಮ್ಮ ಚಿಲಕ ಹಾಕಿ, ಸೊಂಟದ ಕೀಲಿಗೊಂಚಲು ಬಿಚ್ಚಿ, ಅದರಲ್ಲಿ ಹುಡುಕಿ ಒಂದನ್ನು ಎತ್ತಿ ಹಿಡಿದರು. ಕಿರುಬೆರಳಿಗಿಂತ ಚಿಕ್ಕದು, ತುದಿ ಸೊಟ್ಟ, ಆರು ಮೂಲೆ.

"ಇದನ್ನೇ ಅಲ್ವಾ ಉಡುಕ್ತಿದ್ದುದು?"

ಗೋವಿಂದಯ್ಯನವರು ಗೋಡೆಗೆ ಒರಗಿದರು.

"ನಂದು ಕಣ್ರಿ ಈ ಕಂಬ," ಎಂದರು ಪುಟ್ಟಗೌರಮ್ಮ ತಗ್ಗಿದ ದನಿಯಲ್ಲಿ. "ಮೈಸೂರಲ್ಲಿ ಮಗಳು ಮನೆ ಬದಲಾಯಿಸೋವಾಗ ಬ್ಯಾಡ ಅಂತ ಬಿಸಾಕ್ತಿದ್ಲು. ಬಟ್ಟೆ ಒಣಗಾಕಕೆ ಆಯ್ತದೆ ಅಂತ ತಕಂಡು ಬಂದೆ. ಸೊಂಟ ಇಡ್ಕಂಡಿತ್ತು ನಂಗೆ. ಒಂದಿನ ಇಡ್ಕಂಡು ಸುತ್ತುದೆ, ಎಂಟೇ ದಿನಕ್ಕೆ ಸೊಂಟ ಬುಡ್ತು. ಮ್ಯಾಲೆ ಸಾಮಾನ್ ರೂಮಲ್ಲಿ ಆರ್ ತಿಂಗಳು ಮಾಡಿವ್ನಿ. ಆಯುಧಪೂಜೇಲಿ ಕುಂಕುಮ ಇಟ್ಟೋಳೂ ನಾನೇ. ಇವ್ರು ರಿಟೈರಾದ್ಮೇಲೆ ರೂಮ್ ರೂಮ್ ತಡಕಾಡಕ್ ಶುರು ಮಾಡುದ್ರು. ಎದರಿ ನಿಂಗರಾಜುಗೆ ಆಕ್ಬುಟ್ಟೆ. ಕೀ ಮಾತ್ರ ಗೊಂಚಲಲ್ಲೇ ಉಳ್ಕತು."

"ಹಾಗಾದರೆ ಆ ಟೈಲ್ಸು?"

"ನಾನೇ ಬಿಗಿ ಮಾಡಿ ಒಡ್ದಿದ್ದು, ಓದ್ವರ್ಷ. ಮ್ಯಾಲೆ ಚಾಪೆ ಆಸಿದ್ದೆ. ಇವತ್ತು ಇವ್ರು ಚಾಪೆ ಎತ್ತಿ ಕಾಲಿಟ್ರು, ಎದ್ಬಂತು. ನಿಮ್ಮಿಂದ ಏನೂ ಆಗಿಲ್ಲ."

ತಮ್ಮಿಂದ ಏನೂ ಆಗಿರಲಿಲ್ಲ. ಕೀಲಿ ಸಿಗದಿದ್ದಾಗಲೇ ಕಂಬವನ್ನು ಚೀಲಕ್ಕೆ ತುಂಬಿ ಸುಮ್ಮನೆ ಕೂತಿದ್ದರೂ ಸಾಕಾಗಿತ್ತು. ಗೋವಿಂದಯ್ಯನವರಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಪುಟ್ಟಗೌರಮ್ಮ ಸ್ಟೂಲು ಹತ್ತಿ, ಆ ತೂತಿಗೆ ಕೀಲಿ ಹಾಕಿ, ಎರಡು ಸಲ ತಿರುಗಿಸಿ ಇಳಿದರು. ಕಂಬವನ್ನು ಅಲ್ಲಾಡಿಸಿ ನೋಡಿದರು. ಅದು ಮಿಸುಕಲಿಲ್ಲ.

"ಈಗ ಸರೋಯ್ತು. ಕೇಳಿ ಇಲ್ಲಿ. ಬೆಳಿಗ್ಗೆ ಐದೂವರೆಗೆ ಇವ್ರು ವಾಕಿಂಗ್ ಓಯ್ತರೆ. ಬಾಗ್ಲು ತಗ್ದಿರಿ, ನಾನ್ ಬತ್ತೀನಿ. ಈ ವಿಷ್ಯ ನಿಮ್ ಹೆಂಡ್ರಿಗೂ ತಿಳೀಬಾರ್ದು. ತಿಳೀತು ಅಂದ್ರೆ ಅವತ್ತೇ ಮನೆ ಖಾಲಿ. ಮನೆ ಬುಟ್ಟೋಗ್ತೀನಿ ಅಂದ್ರಾ, ಈ ಕಂಬ ಏನು, ನೀವ್ ಯಾತಕ್ ತಂದಿದ್ರಿ ಅಂತ ಬೀದಿಗೆಲ್ಲ ಏಳ್ತೀನಿ. ಆಯ್ತಾ?"

ಆಗದೆ ಏನು ಮಾಡುತ್ತಾರೆ, ತಲೆಯಾಡಿಸಿದರು. ಪುಟ್ಟಗೌರಮ್ಮ ಚಿಲಕ ತೆಗೆಯುವುದಕ್ಕೂ ಹೊರಗೆ ಆಟೋ ನಿಲ್ಲುವುದಕ್ಕೂ ಸರಿಹೋಯಿತು.

ಪದ್ಮಿನಿ ನಾಮಕರಣದ ತೊಟ್ಟಿಲೂಟದ ಡಬ್ಬಿ ಹಿಡಿದು ಬೀದಿಯಲ್ಲಿ ನಿಂತಿದ್ದಳು. ಎದುರಿಗೆ ಅವಳ ಸಂಸಾರವೆಲ್ಲ ಬಿಸಿಲಿನಲ್ಲಿ ಹರಡಿಕೊಂಡಿತ್ತು. ಅವಳು ಗ್ಯಾಸ್ ಒಲೆ ನೋಡಿದಳು, ಮಸಾಲೆ ಡಬ್ಬಿ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ಬುಡುಸ್ಕಂಡ್ರಾ?" ಎಂದಳು. ದನಿ ಏರಿರಲಿಲ್ಲ. ಗೋವಿಂದಯ್ಯನವರಿಗೆ ಅದೇ ಹೆಚ್ಚು ಭಯವಾಯಿತು.

"ಇಲ್ಲ ಕಣೆ, ಇಲ್ಲ. ಮನೆ ಇದೆ. ಎಲ್ಲಿಗೂ ಹೋಗೋ ಹಾಗಿಲ್ಲ."

ಪುಟ್ಟಮಾದಯ್ಯ ನಡುವೆ ಬಂದರು. "ನಿಮ್ಮೆಜಮಾನ್ರು ಬೀಳೋ ಮನೆ ನಿಲ್ಸವ್ರೆ ತಾಯಿ. ಆ ಜಾಕ್ ಒಂದಿಲ್ದಿದ್ರೆ ಇವತ್ತು ಮೋಲ್ಡು ನೆಲದ ಮ್ಯಾಲೆ ಇರ್ತಿತ್ತು."

ಪದ್ಮಿನಿ ಒಳಗೆ ಹೋದಳು. ಅರಿಶಿನ ಮೆತ್ತಿದ ಕಂಬ, ಗಾರೆ ಕಿತ್ತ ಸೂರು, ನೆಲದ ಮೇಲಿನ ಪುಡಿ ಎಲ್ಲವನ್ನೂ ನೋಡಿ ಹೊರಗೆ ಬಂದಳು.

"ಇದರ ಕೆಳಗೆ ನಾನ್ ಮಲಗ್ಬೇಕಾ? ಒಳ್ಳೇ ಮನೆ ನೋಡಿ, ಆಮೇಲೆ ಫೋನ್ ಮಾಡಿ."

"ಬೀಳಲ್ಲ ಕಣೆ. ಆಣೆಗೂ ಬೀಳಲ್ಲ."

"ಬೀಳಲ್ಲ ಅಂದ್ರೆ ಜಾಕ್ ಯಾಕ್ ಕೊಟ್ರಿ?"

ಗೋವಿಂದಯ್ಯನವರು ಬಾಯಿ ತೆರೆದರು. ಪದ್ಮಿನಿಯ ಹೆಗಲಾಚೆ, ಮೆಟ್ಟಿಲ ಮೇಲೆ, ಕೀಲಿಗೊಂಚಲು ಒಂದು ಸಲ ಝಣ್ ಎಂದಿತು. ಅವರು ಬಾಯಿ ಮುಚ್ಚಿದರು. ಪದ್ಮಿನಿ ಅದೇ ಆಟೋ ಹತ್ತಿದಳು. ತೊಟ್ಟಿಲೂಟದ ಡಬ್ಬಿಯನ್ನೂ ಕೊಡಲಿಲ್ಲ.

ಮಾರನೆಯ ಬೆಳಿಗ್ಗೆ ಐದೂವರೆಗೆ ಪುಟ್ಟಮಾದಯ್ಯ ವಾಕಿಂಗಿಗೆ ಹೊರಟ ಗೇಟಿನ ಸದ್ದಾಯಿತು. ಎರಡು ನಿಮಿಷಕ್ಕೆ ಪುಟ್ಟಗೌರಮ್ಮ ಸೆರಗು ಸೊಂಟಕ್ಕೆ ಬಿಗಿದು ಬಂದರು.

"ಕಿಟಕಿ ಆಕಿ. ನೀವು ಜಗುಲಿ ಮ್ಯಾಲೆ ಕೂತ್ಕಳಿ. ಯಾರಾದ್ರೂ ಬಂದ್ರೆ ಕೆಮ್ಮಿ."

ಗೋವಿಂದಯ್ಯನವರು ಜಗುಲಿಯ ಮೇಲೆ ಕೂತರು. ಚಳಿಯಿತ್ತು. ಸ್ವೆಟರಿನ ಬಲತೋಳಿಗೆ ಕೈ ತೂರಿಸಲು ಆಗದೆ ಅರ್ಧ ಹಾಕಿಕೊಂಡು ಕೂತಿದ್ದರು. ಫೋನು ಹೊಡೆದುಕೊಂಡಿತು. ಪದ್ಮಿನಿ.

"ಸೂರ್ ಬಿತ್ತಾ?"

"ಇಲ್ಲ ಕಣೆ, ಗಟ್ಟಿಯಾಗಿದೆ."

"ಬಿದ್ರೆ ಫೋನ್ ಮಾಡಿ, ಬತ್ತೀನಿ. ಆಗ್ಲಾದ್ರೂ ಬ್ಯಾರೆ ಮನೆ ಮಾಡ್ತೀರಿ," ಎಂದು ಇಟ್ಟುಬಿಟ್ಟಳು.

ಬಾಯಲ್ಲಿ ಬ್ರಷ್ ಇಟ್ಟುಕೊಂಡು ಕೆಂಪನಂಜಪ್ಪ ಗೇಟಿನ ಹತ್ತಿರ ಬಂದ. ಗೋವಿಂದಯ್ಯನವರು ಕೆಮ್ಮಿದರು.

"ಏನ್ ಸಾ, ರಾತ್ರಿಯೆಲ್ಲ ಆಚೇನೇ ಇದ್ರಾ? ಕೆಮ್ಮು ಬ್ಯಾರೆ ಬಂದದೆ," ಎಂದ ಅವನು ಕನಿಕರದಿಂದ. ಒಳಗಿನಿಂದ ಕಂಬ ಕಿರ್ರ್ ಎಂದಿತು. ಕೆಂಪನಂಜಪ್ಪ ಬ್ರಷ್ ತೆಗೆದು ಕಿವಿಗೊಟ್ಟ. "ಜಾಕು ಕಿರುಗುಟ್ತಾ ಅದಲ್ಲ ಸಾ. ತಡೀರಿ, ಒಳಕ್ ಬಂದು ನೋಡ್ತೀನಿ."

ಗೋವಿಂದಯ್ಯನವರು ಬಾಗಿಲಿಗೆ ಅಡ್ಡ ನಿಂತು ಇನ್ನೂ ಜೋರಾಗಿ ಕೆಮ್ಮಿದರು.